ತಪ್ಪಿಲ್ಲದ ತಿಂಗಳು

ಜೂನ್ 2, ಸೋಮವಾರ

ಇವತ್ತಿನಿಂದ ವಿಭಾಗಕ್ಕೆ ನಾನೇ ಮುಖ್ಯಸ್ಥೆ. ಖಾಯಂ ಅಲ್ಲ, ಮೂರು ತಿಂಗಳ ಪರೀಕ್ಷೆ. ಹತ್ತೊಂಬತ್ತು ವರ್ಷ ಕತ್ತರಿ ಎಣಿಸಿದವಳಿಗೆ ಕೊನೆಗೂ ಗಾಜಿನ ಬಾಗಿಲಿನ ಒಂದು ಗೂಡು ಸಿಕ್ಕಿತು. ಕುರ್ಚಿಯ ಒಂದು ಕಾಲು ಗಿಡ್ಡ, ಕೂತರೆ ಎಡಕ್ಕೆ ವಾಲುತ್ತದೆ. ಇರಲಿ.

ಈ ಪುಸ್ತಕ ದೊಡ್ಡಕ್ಕ ಕೊಟ್ಟದ್ದು. ಶನಿವಾರದವರೆಗೆ ಆ ಕುರ್ಚಿಯಲ್ಲಿ ಕೂತಿದ್ದವರು ಅವರೇ. "ತಲೆ ಬಿಸಿಯಾದಾಗ ಮನೆಯವರ ಮೇಲೆ ಹಾಯಬೇಡ, ಇದ್ರಲ್ಲಿ ಬರ್ಕೋ" ಎಂದು ಕೈಗಿಟ್ಟು ನಿವೃತ್ತಿಯಾಗಿ ಹೋದರು. ಪುಸ್ತಕಕ್ಕೆ ನಮ್ಮ ಕೆಲಸ ಗೊತ್ತಿಲ್ಲ, ಪಾಪ. ಹೇಳಿಬಿಡುತ್ತೇನೆ. ಆಸ್ಪತ್ರೆಯ ನೆಲಮಾಳಿಗೆ ನಮ್ಮದು. ಆಪರೇಷನ್ ಮುಗಿದ ಮೇಲೆ ರಕ್ತ ಮೆತ್ತಿದ ಕತ್ತರಿ, ಚಿಮಟ, ಇಕ್ಕಳ ಎಲ್ಲ ನಮ್ಮಲ್ಲಿಗೆ ಬರುತ್ತವೆ. ತೊಳೆಯುತ್ತೇವೆ, ಎಣಿಸಿ ಟ್ರೇಯಲ್ಲಿ ಜೋಡಿಸಿ ಬಟ್ಟೆ ಸುತ್ತುತ್ತೇವೆ, ದೊಡ್ಡ ಯಂತ್ರದೊಳಗೆ ಆವಿಯಲ್ಲಿ ಬೇಯಿಸಿ ಮತ್ತೆ ಮೇಲಕ್ಕೆ ಕಳಿಸುತ್ತೇವೆ. ಆ ಯಂತ್ರವನ್ನು ನಾವು ಹಂಡೆ ಎನ್ನುತ್ತೇವೆ. ಹನ್ನೊಂದು ಜನ, ಎರಡು ಹಂಡೆ.

ದೊಡ್ಡಕ್ಕನ ಕಾಲದಿಂದ ನಮ್ಮಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಮೇಜಿನ ಸುತ್ತ ನಿಂತು, ಹಿಂದಿನ ದಿನ ಯಾರು ಏನು ತಪ್ಪು ಮಾಡಿದೆವೋ ಅವರವರೇ ಹೇಳಬೇಕು. ಮೊದಲು ದೊಡ್ಡಕ್ಕ ತಮ್ಮದನ್ನು ಹೇಳುತ್ತಿದ್ದರು, ಆಮೇಲೆ ಉಳಿದವರು. ಹೆಸರು ಬರೆಯುವುದಿಲ್ಲ. ತಪ್ಪನ್ನು ಮಾತ್ರ ಪುಸ್ತಕಕ್ಕೆ ಏರಿಸಿ, ಸರಿಪಡಿಸಿ, ಒಂದಿಷ್ಟು ನಕ್ಕು ಕೆಲಸಕ್ಕೆ ಕೂರುವುದು. ತಿಂಗಳ ಕೊನೆಗೆ ಲೆಕ್ಕ ಮೇಲಿನ ಆಫೀಸಿಗೆ ಹೋಗುತ್ತದೆ.

ಎಡವಟ್ಟಾದದ್ದು ಅಲ್ಲೇ. ಹೊಸ ಆಡಳಿತಾಧಿಕಾರಿಗಳು ಬಂದು ಎರಡು ತಿಂಗಳಾಯಿತು. ಇವತ್ತು ನನ್ನನ್ನು ಕರೆಸಿ, ಕಾಗದವನ್ನು ನನ್ನತ್ತ ತಿರುಗಿಸಿ, "ಕಳೆದ ತಿಂಗಳು ಮೂವತ್ತೆಂಟು ತಪ್ಪು. ಬೇರೆ ಆಸ್ಪತ್ರೆಗಳಲ್ಲಿ ಮೂರೋ ನಾಲ್ಕೋ. ಏನ್ರೀ ಇದು?" ಎಂದರು. ನಾನು ನಮ್ಮ ಪದ್ಧತಿಯನ್ನು ವಿವರಿಸಹೊರಟೆ. ಅವರು ಕೇಳಿದರು, ಕೆಟ್ಟ ಮನುಷ್ಯರಲ್ಲ. ಕೊನೆಗೆ, "ಆಗಸ್ಟ್ ಮುಗಿಯೋದ್ರೊಳಗೆ ಐದಕ್ಕೆ ಇಳಿಸಿ. ಇಲ್ಲಾಂದ್ರೆ ಈ ಕೆಲಸ ಹೊರಗಿನ ಕಂಪನಿಗೆ ವಹಿಸೋಣ ಅಂತ ಆಡಳಿತ ಮಂಡಳಿಯೋರು ಹೇಳ್ತಿದಾರೆ. ನನ್ನ ಕೈಲಿ ಏನೂ ಇಲ್ಲ" ಎಂದರು.

ಹೊರಗಿನ ಕಂಪನಿ ಬಂದರೆ ನಾವು ಹನ್ನೊಂದು ಜನವೂ ಮನೆಗೆ. ಕೆಳಗಿಳಿದು ನೇರ ನನ್ನ ಗೂಡಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿ ಎಲ್ಲರ ನಿದ್ದೆ ಯಾಕೆ ಕೆಡಿಸಲಿ.

ಜೂನ್ 3, ಮಂಗಳವಾರ

ಮೇಜಿನ ಸುತ್ತ ಎಲ್ಲರೂ ನಿಂತರು. ಮೊದಲು ನಾನು ಹೇಳಬೇಕಿತ್ತು. ನಿನ್ನೆಯೆಲ್ಲ ಆಫೀಸು, ಕಾಗದ ಎಂದು ಓಡಾಡಿದ್ದೇ ಆಯಿತು, ಟ್ರೇಯನ್ನೇ ಮುಟ್ಟಲಿಲ್ಲ. "ನನ್ನದೇನೂ ಇಲ್ಲಪ್ಪ" ಎಂದೆ. ಎಲ್ಲರೂ ನಕ್ಕರು. ಆಮೇಲೆ ಐದು ತಪ್ಪು ಹೊರಬಂದವು. ಒಂದೊಂದು ಬಂದಾಗಲೂ ಒಂದೊಂದು ಬೆರಳು ಮಡಚಿದೆ. ಒಂದೇ ದಿನಕ್ಕೆ ಐದು! ತಿಂಗಳ ಪೂರ್ತಿ ಕೋಟಾ ಮುಗಿಯಿತು.

ಜೂನ್ 11, ಬುಧವಾರ

ಹದಿನೇಳು. ತಿಂಗಳು ಇನ್ನೂ ಅರ್ಧವೂ ಆಗಿಲ್ಲ.

ಊಟಕ್ಕೆ ಕೂತರೂ ಹದಿನೇಳು, ಸ್ನಾನಕ್ಕೆ ನಿಂತರೂ ಹದಿನೇಳು. ಅತ್ತೆ ಏನೋ ಕೇಳಿದರು, "ಹದಿನೇಳು" ಎಂದುಬಿಟ್ಟೆ. "ಏನೇ ಹದಿನೇಳು, ನಾನು ಉಪ್ಪು ಸಾಕಾ ಅಂತ ಕೇಳಿದ್ದು" ಎಂದರು. ಅದಕ್ಕೂ ನಗು ಬರಲಿಲ್ಲ.

ಜೂನ್ 24, ಮಂಗಳವಾರ

ಇವತ್ತು ಬಾಯಿ ಬಿಗಿಹಿಡಿಯಲು ಆಗಲಿಲ್ಲ.

ನಮ್ಮಲ್ಲಿ ಒಬ್ಬಳಿದ್ದಾಳೆ, ರೇಡಿಯೋ ಎಂದು ಹೆಸರು. ಕೈ ಎಷ್ಟು ಚುರುಕೋ ಬಾಯಿ ಅದರ ಎರಡರಷ್ಟು. ಟ್ರೇ ಕಟ್ಟುತ್ತಾ ಹಾಡು, ಗಾಳಿಸುದ್ದಿ, ನೆರೆಮನೆಯ ಬೆಕ್ಕಿನ ಬಾಣಂತನ ಎಲ್ಲ ಪ್ರಸಾರವಾಗುತ್ತಿರುತ್ತದೆ. ನನ್ನ ಜೊತೆ ಹನ್ನೆರಡು ವರ್ಷದಿಂದ ಇದ್ದಾಳೆ, ನನ್ನನ್ನು ಅಕ್ಕ ಎನ್ನುತ್ತಾಳೆ. ಬೆಳಿಗ್ಗೆ ಹಲ್ಲುಬಿಟ್ಟುಕೊಂಡು, "ಅಕ್ಕಾ, ನಿನ್ನೆ ನೆಟ್ಟಗಿನ ಕತ್ತರಿ ಇಡೋ ಕಡೆ ಬಾಗಿದ ಕತ್ತರಿ ಇಟ್ಬಿಟ್ಟಿದ್ದೆ. ಮೇಲಕ್ಕೆ ಹೋಗೋ ಮೊದಲೇ ನೆನಪಾಯ್ತು, ಬದಲಾಯಿಸ್ದೆ" ಎಂದಳು. ಅದು ಮೂವತ್ತೊಂದನೆಯದು.

"ಹನ್ನೆರಡು ವರ್ಷ ಆಯ್ತಲ್ಲೇ, ಇನ್ನೂ ಕತ್ತರಿ ಗುರುತು ಸಿಗಲ್ವಾ ನಿಂಗೆ? ಬಾಯಿ ಮುಚ್ಕೊಂಡು ಕೆಲಸ ಮಾಡಿದ್ರೆ ಕಣ್ಣು ತೆರೆದಿರುತ್ತೆ" ಎಂದೆ. ಎಲ್ಲರೂ ಇದ್ದರು. ರೇಡಿಯೋ ಮುಖ ಸಪ್ಪಗಾಯಿತು. ಅವಳ ನಂತರ ಹೇಳಬೇಕಾದವರು ಇನ್ನೂ ನಾಲ್ವರಿದ್ದರು. ನಾಲ್ವರೂ "ನನ್ನದೇನಿಲ್ಲ" ಎಂದರು.

ಸ್ವಲ್ಪ ಜೋರಾಯಿತೇನೋ. ಆದರೆ ನಾನು ಯಾರಿಗೋಸ್ಕರ ಒದ್ದಾಡುತ್ತಿದ್ದೇನೆ? ಅವಳ ಕೆಲಸ ಉಳಿಯಲಿ ಎಂದೇ ಅಲ್ಲವೇ? ನಾಳೆ ಸಮಾಧಾನದ ಎರಡು ಮಾತು ಹೇಳಿದರಾಯಿತು.

ಜುಲೈ 1, ಮಂಗಳವಾರ

ಜೂನ್ ಲೆಕ್ಕ ಮೂವತ್ನಾಲ್ಕು. ಅದರಲ್ಲಿ ಇಪ್ಪತ್ನಾಲ್ಕನೇ ತಾರೀಕಿನ ನಂತರದ್ದು ಬರೀ ಮೂರು. ಆಡಳಿತಾಧಿಕಾರಿಗಳು ಕಾಗದದ ಮೇಲೆ ಬೆರಳಿಟ್ಟು, "ಇಲ್ಲಿಂದ ಏನ್ ಮಾಡಿದ್ರಿ?" ಎಂದು ಕೇಳಿದರು. "ಸ್ವಲ್ಪ ಬಿಗಿ ಮಾಡಿದೆ ಸರ್" ಎಂದೆ. "ಹಾಗೇ ಬಿಗಿ ಮಾಡಿ. ಪ್ರತಿ ತಪ್ಪಿಗೂ ಒಂದು ಹೆಸರಿರಲಿ. ಹೊಣೆ ಅಂದ್ರೆ ಅದೇ ತಾನೆ?" ಎಂದರು.

ಗೋಡೆಗೆ ಬಿಳಿ ಹಲಗೆ ಹಾಕಿಸಿದೆ. ಎಲ್ಲರ ಹೆಸರು ಸಾಲಾಗಿ. ತಪ್ಪಾದರೆ ಹೆಸರಿನ ಮುಂದೆ ಕೆಂಪು ಚುಕ್ಕೆ, ಮೂರು ಚುಕ್ಕೆಗೆ ಆಫೀಸಿಗೆ ಪತ್ರ. ನನ್ನ ಹೆಸರನ್ನೂ ಬರೆಯಬೇಕೇ ಎಂದು ಒಂದು ಗಳಿಗೆ ಯೋಚಿಸಿದೆ. ಹಲಗೆಯಲ್ಲಿ ಜಾಗ ಮುಗಿದಿತ್ತು.

ಹಂಡೆ ನೋಡಿಕೊಳ್ಳುವವರಿಗೆ ಮೇಷ್ಟ್ರು ಎನ್ನುತ್ತೇವೆ. ನೀರು ಯಾಕೆ ಕುದಿಯುತ್ತದೆ ಎನ್ನುವುದರಿಂದ ಹಿಡಿದು ಎಲ್ಲಕ್ಕೂ ಪಾಠ ಮಾಡುತ್ತಾರೆ. ಅವರು ಹಲಗೆಯನ್ನು ಬಹಳ ಹೊತ್ತು ನೋಡಿ, "ಕೆಂಪು ಪೆನ್ನು ದಪ್ಪದ್ದೇ ತಂದಿದ್ದೀರಿ" ಎಂದಷ್ಟೇ ಹೇಳಿ ಹಂಡೆಯ ಕಡೆ ನಡೆದರು.

ಜುಲೈ 4, ಶುಕ್ರವಾರ

ಮೂರು ದಿನದಿಂದ ಒಂದೂ ಚುಕ್ಕೆ ಇಲ್ಲ. ಇಷ್ಟು ಸುಲಭವಿತ್ತೇ!

ಜುಲೈ 9, ಬುಧವಾರ

ಬೆಳಗಿನ ಮೇಜಿನ ಸಭೆ ನಿಲ್ಲಿಸಿದೆ. ಹೇಳುವುದಕ್ಕೆ ಯಾರಿಗೂ ಏನೂ ಇಲ್ಲದ ಮೇಲೆ ಸುಮ್ಮನೆ ನಿಂತು ಮುಖ ಮುಖ ನೋಡಿಕೊಳ್ಳುವುದೇಕೆ? ಈಗ ಎಂಟಕ್ಕೆ ಸರಿಯಾಗಿ ದಿನದ ಗುರಿ ಹೇಳುತ್ತೇನೆ, ಒಂದೇ ನಿಮಿಷ.

ಇನ್ನೊಂದು ಒಳ್ಳೆಯ ಬದಲಾವಣೆ. ಎಂಟು ಹೊಡೆದ ಮೇಲೆ ಏದುಸಿರು ಬಿಡುತ್ತಾ ಬರುತ್ತಿದ್ದವರೆಲ್ಲ ಈಗ ಏಳೂಮುಕ್ಕಾಲಿಗೇ ಆಸ್ಪತ್ರೆಯ ಒಳಗಿರುತ್ತಾರಂತೆ. ಗೇಟಿನ ಕಾವಲುಗಾರ ಹೇಳಿದ. ಶಿಸ್ತು ತಾನಾಗಿ ಬಂತು. ರೇಡಿಯೋ ಕೂಡ ಬಂದ್ ಆಗಿದೆ, ಕೆಲಸದ ಮನೆಯಲ್ಲಿ ಈಗ ಹಂಡೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳು ನನ್ನನ್ನು ಮೇಡಂ ಎಂದು ಕರೆಯತೊಡಗಿದ್ದಾಳೆ. ಸ್ಥಾನಕ್ಕೆ ತಕ್ಕ ಮರ್ಯಾದೆ, ನಾನೇನೂ ಕೇಳಿರಲಿಲ್ಲ.

ಆದರೂ ದಿನಕ್ಕೆ ಹತ್ತು ಸಲ ಎದ್ದು ಹಲಗೆ ನೋಡಿ ಬರುತ್ತೇನೆ. ನಾಳೆ ಒಂದು ಚುಕ್ಕೆ ಬಿದ್ದರೆ?

ಜುಲೈ 13, ಭಾನುವಾರ

ದೊಡ್ಡಕ್ಕನಿಗೆ ಫೋನ್ ಮಾಡಿದೆ. ಹನ್ನೆರಡು ದಿನದಿಂದ ಸೊನ್ನೆ ಎಂದು ಹೇಳಿದಾಗ ಭೇಷ್ ಎನ್ನಬಹುದೆಂದು ಕಾದೆ. ಅವರು, "ಬೆಳಿಗ್ಗೆ ಮೊದಲು ನೀನೇನು ಹೇಳ್ತೀಯ?" ಎಂದು ಕೇಳಿದರು.

"ಗುರಿ ಹೇಳ್ತೀನಿ ಅಕ್ಕ."

"ಗುರಿ ಇರ್ಲಿ. ನಿನ್ನ ತಪ್ಪು?"

"ನಾನೀಗ ಟ್ರೇ ಕಟ್ಟೋದೇ ಇಲ್ವಲ್ಲ ಅಕ್ಕ. ತಪ್ಪು ಎಲ್ಲಿಂದ ಬರುತ್ತೆ?"

ಅವರು ಅತ್ತೆಯನ್ನು ವಿಚಾರಿಸಿದರು. ಆಮೇಲೆ, "ಸರಿ ಕಣೇ. ಆರೋಗ್ಯ ನೋಡ್ಕೋ" ಎಂದರು. ಹೊಟ್ಟೆಕಿಚ್ಚೇ? ಇಲ್ಲ, ಅವರು ಅಂಥವರಲ್ಲ. ಆದರೆ ತಾನು ಬಿಟ್ಟುಬಂದ ಜಾಗ ತನಗಿಂತ ಚೆನ್ನಾಗಿ ನಡೆದರೆ ಯಾರಿಗಾದರೂ ಒಂದು ಚೂರು ಚುರುಕ್ಕೆನ್ನದೆ ಇರುತ್ತದೆಯೇ?

ಜುಲೈ 20, ಭಾನುವಾರ

ಹಾಲಿನ ಪಾತ್ರೆ ಕಾಣಿಸುತ್ತಿಲ್ಲ ಎಂದು ಮೂರು ದಿನದಿಂದ ಹುಡುಕುತ್ತಿದ್ದೆ. ಇವತ್ತು ಮಂಚದ ಕೆಳಗೆ, ಹಳೆ ಹೊದಿಕೆಯೊಳಗೆ ಸಿಕ್ಕಿತು. ತಳ ಕರಟಿ ಇದ್ದಿಲಾಗಿದೆ. ಅತ್ತೆ ಹಾಲಿಟ್ಟು ಮರೆತಿದ್ದರು. ಎಪ್ಪತ್ತೆರಡು ವರ್ಷದ ಹೆಂಗಸು ಪಾತ್ರೆ ಬಚ್ಚಿಡುತ್ತಾರೆ! "ಹೇಳಿದ್ರೆ ಏನಾಗ್ತಿತ್ತು ಅತ್ತೆ?" ಎಂದು ಕೇಳಿದೆ. "ಏನೂ ಆಗ್ತಿರ್ಲಿಲ್ಲ ತಾಯಿ, ನಾನು ಹೇಳ್ಲಿಲ್ಲ ಅಷ್ಟೆ" ಎಂದು ಒಳಗೆ ಹೋದರು.

ನಮ್ಮ ಮನೆಯವರು ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿದ್ದಾರೆ. ಪಕ್ಕದಲ್ಲಿ ಕೂತು ಕಲಿಸುವುದೇ ಕೆಲಸ. ಪೇಪರ್ ಓದುತ್ತಿದ್ದವರು ತಲೆ ಎತ್ತದೆ, "ಪಕ್ಕದಲ್ಲಿ ಕೂತು ಕಿರುಚಿದ್ರೆ ಕಲಿಯೋರು ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತುತ್ತಾರೆ" ಎಂದರು. ಯಾರಿಗೆ ಹೇಳಿದ್ದೋ. ನಾನು ಕಿರುಚಿರಲೂ ಇಲ್ಲ.

ಜುಲೈ 31, ಗುರುವಾರ

ಸೊನ್ನೆ. ಇಡೀ ತಿಂಗಳು ಸೊನ್ನೆ!

ಆಡಳಿತಾಧಿಕಾರಿಗಳು ಎದ್ದು ನಿಂತು ಕೈಕುಲುಕಿದರು. ಇನ್ನೊಂದು ತಿಂಗಳು ಹೀಗೇ ಹೋದರೆ ವಿಭಾಗ ಉಳಿಯಿತು, ನಾನು ಖಾಯಂ. ಸಂತೋಷದಿಂದ ಕುಣಿಯಬೇಕಿತ್ತು. ಮೆಟ್ಟಿಲಿಳಿಯುತ್ತಾ ಯೋಚಿಸಿದ್ದು ಒಂದೇ, ಇನ್ನು ಮೂವತ್ತೊಂದು ದಿನ.

ಆಗಸ್ಟ್ 7, ಗುರುವಾರ

ಹೊಸ ತಲೆನೋವು. ತಪ್ಪಿಲ್ಲ, ಆದರೆ ಕೆಲಸ ಸಾಗುತ್ತಿಲ್ಲ. ದಿನಕ್ಕೆ ತೊಂಬತ್ತಾರು ಟ್ರೇ ಕಟ್ಟುತ್ತಿದ್ದ ಕೈಗಳೇ ಈಗ ಎಂಬತ್ತನ್ನು ದಾಟುವುದಿಲ್ಲ. ಗಾಜಿನ ಬಾಗಿಲಿನಿಂದ ನೋಡಿದೆ. ಒಬ್ಬೊಬ್ಬರೂ ಕಟ್ಟಿದ ಟ್ರೇಯನ್ನು ಬಿಚ್ಚಿ ಮತ್ತೆ ಎಣಿಸುತ್ತಾರೆ, ಪಕ್ಕದವರಿಗೂ ಎಣಿಸಲು ಕೊಡುತ್ತಾರೆ, ನಾನು ಹೊರಬಂದರೆ ಕೈ ನಿಲ್ಲಿಸುತ್ತಾರೆ. ಆಪರೇಷನ್ ಥಿಯೇಟರಿನ ಸಿಸ್ಟರ್ ಎರಡು ಸಲ ಫೋನ್ ಮಾಡಿ, "ಟ್ರೇ ಎಲ್ರೀ?" ಎಂದರು.

ಉಪಾಯ ಮಾಡಿದೆ. ಹಂಡೆಗೆ ಒಂದು ಸಲಕ್ಕೆ ಹತ್ತು ಟ್ರೇ ಹಾಕುತ್ತೇವೆ. ಹದಿನಾಲ್ಕು ಹಾಕಲು ಹೇಳಿದೆ. ಮೇಷ್ಟ್ರು, "ಆವಿ ಓಡಾಡೋಕೆ ಜಾಗ ಬೇಕು ಮೇಡಂ" ಎಂದು ಪಾಠ ತೆಗೆದರು. "ಸ್ವಲ್ಪ ಒತ್ತಿ ಇಡಿ, ಓಡಾಡುತ್ತೆ" ಎಂದೆ. ಪಾಠ ಮುಂದುವರಿಸುತ್ತಾರೆಂದುಕೊಂಡೆ. "ಆಯ್ತು ಮೇಡಂ" ಎಂದರು.

ಆಗಸ್ಟ್ 12, ಮಂಗಳವಾರ

ನನ್ನ ನೀಲಿ ಪೆನ್ನು ಬೆಳಿಗ್ಗೆಯಿಂದ ಕಾಣೆಯಾಗಿತ್ತು. ಯಾರು ತೆಗೆದಿರಿ ಎಂದು ಹನ್ನೊಂದು ಗಂಟೆಗೆ ಎಲ್ಲರನ್ನೂ ನಿಲ್ಲಿಸಿ ಕೇಳಿದೆ. ಯಾರೂ ತುಟಿಪಿಟಕ್ಕೆನ್ನಲಿಲ್ಲ. ಊಟ ಮುಗಿಸಿ ಬಂದರೆ ಮೇಜಿನ ಮೇಲೇ ಇದೆ! ಅಂದರೆ ತೆಗೆದವರು ಹೆದರಿ ತಂದಿಟ್ಟಿದ್ದಾರೆ. ಒಂದು ಪೆನ್ನಿಗೂ ಸುಳ್ಳು ಹೇಳುವವರ ಜೊತೆ ಏಗಬೇಕು ನಾನು.

ಆಗಸ್ಟ್ 20, ಬುಧವಾರ

ಎಲ್ಲಿಂದ ಬರೆಯುವುದೆಂದು ತಿಳಿಯದೆ ಎರಡು ಸಲ ಹೊಡೆದುಹಾಕಿದೆ.

ಥಿಯೇಟರಿನ ಸಿಸ್ಟರ್ ಮಧ್ಯಾಹ್ನ ಫೋನ್ ಮಾಡಿದರು. ಬೈಯಲು ಎಂದುಕೊಂಡೆ. "ನಿಮ್ಮ ಮೇಷ್ಟ್ರಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳಿ. ಬೆಳಿಗ್ಗೆ ಮೂರು ಮಹಡಿ ಓಡ್ಕೊಂಡು ಬಂದ್ರಲ್ರೀ, ಆ ವಯಸ್ಸಲ್ಲಿ! ಟ್ರೇ ಬಿಚ್ಚೋಕೆ ಕೈ ಇಟ್ಟಿದ್ವಿ, ಒಂದು ಮಗುವಿನ ಹೊಟ್ಟೆ ಆಪರೇಷನ್" ಎಂದರು.

"ಯಾವ ಟ್ರೇ ಸಿಸ್ಟರ್?"

"ಏನ್ರೀ, ನಿಮಗೆ ಗೊತ್ತಿಲ್ವಾ? ಬೆಳಗಿನ ಮೊದಲನೇ ಹಂಡೆದು. ಮೇಲಕ್ಕೆ ಬಂದಿದ್ದ ಐದು ಟ್ರೇನೂ ವಾಪಸ್ ತಗೊಂಡು ಹೋದ್ರಲ್ಲ."

ಆ ಹಂಡೆಗೆ ಸಹಿ ಹಾಕಿದ್ದು ನಾನು.

ಪ್ರತಿ ಸಲ ತುಂಬುವಾಗಲೂ ಹಂಡೆಯ ನಟ್ಟನಡುವೆ ಒಂದು ಪರೀಕ್ಷೆಯ ಪೊಟ್ಟಣ ಇಡುತ್ತೇವೆ. ಒಳಗೆ ಸಣ್ಣ ಕಾಗದದ ಪಟ್ಟಿ ಇರುತ್ತದೆ. ಆವಿ ಸರಿಯಾಗಿ ತಾಗಿದ್ದರೆ ಅದು ಕಪ್ಪಾಗುತ್ತದೆ. ಪೊಟ್ಟಣ ಬಿಚ್ಚಿ, ಪಟ್ಟಿ ನೋಡಿ, ಆಮೇಲೆ ಸಹಿ ಹಾಕಬೇಕು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಪಟ್ಟಿ ನೋಡದೆ ಸಹಿ ಹಾಕಿದವಳಲ್ಲ. ಇವತ್ತು ಬೆಳಿಗ್ಗೆ ಆಡಳಿತಾಧಿಕಾರಿಗಳಿಗೆ ಕೊಡಬೇಕಾದ ಸೊನ್ನೆಯ ನಕ್ಷೆ ಬರೆಯುತ್ತಾ ಕೂತಿದ್ದೆ. ಮೇಷ್ಟ್ರು ಪೊಟ್ಟಣವನ್ನೂ ಪುಸ್ತಕವನ್ನೂ ತಂದಿಟ್ಟರು. ಪುಸ್ತಕಕ್ಕೆ ಸಹಿ ಹಾಕಿ ತಳ್ಳಿದೆ. ಪೊಟ್ಟಣ ಅಲ್ಲೇ ಉಳಿಯಿತು. ಆಮೇಲೆ ಅವರು ಬಂದು ಅದನ್ನು ಎತ್ತಿಕೊಂಡು ಹೋದದ್ದು ಅರೆಗಣ್ಣಿಗೆ ಬಿದ್ದಿತ್ತು.

ಕಸದ ಬುಟ್ಟಿ ಕೆದಕಿದೆ. ಪಟ್ಟಿ ಸಿಕ್ಕಿತು. ಅರ್ಧ ಕಂದು, ಅರ್ಧ ಹಾಗೇ ಬಿಳಿ. ಹದಿನಾಲ್ಕು ಟ್ರೇ ಒತ್ತಿ ತುಂಬಿದರೆ ಆವಿ ಎಲ್ಲಿ ನುಗ್ಗೀತು?

ಮೇಷ್ಟ್ರನ್ನು ಕರೆದೆ. "ನನಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. "ಟ್ರೇ ವಾಪಸ್ ಬಂದಿದೆ ಮೇಡಂ. ಮತ್ತೆ ಬೇಯಿಸಿ ಕಳಿಸಿದೀವಿ. ಏನೂ ಆಗಿಲ್ಲ" ಎಂದರು. ಎಷ್ಟು ಕೇಳಿದರೂ ಅಷ್ಟೇ. ನೀರು ಯಾಕೆ ಕುದಿಯುತ್ತದೆಂದು ಅರ್ಧ ಗಂಟೆ ಹೇಳುವ ಮನುಷ್ಯರು.

ಆಗಸ್ಟ್ 21, ಗುರುವಾರ

ಏಳೂಮುಕ್ಕಾಲಿಗೆ ಒಳಗಿರುತ್ತಾರಂತೆ ಎಂದು ಕಾವಲುಗಾರ ಹೇಳಿದ್ದನಲ್ಲ. ಒಳಗೆ ಎಂದರೆ ಎಲ್ಲಿ? ನಾನು ಬೀಗ ತೆಗೆಯುವುದು ಎಂಟಕ್ಕೆ ಐದು ನಿಮಿಷ ಇರುವಾಗ. ಒಂದೂವರೆ ತಿಂಗಳಿನಲ್ಲಿ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಇಂಥ ಬೆಪ್ಪಿಯನ್ನು ಮುಖ್ಯಸ್ಥೆ ಮಾಡಿದ್ದಾರೆ.

ಬೇಗ ಹೋದೆ. ಹಿಂಬದಿಯ ಮೆಟ್ಟಿಲ ತಿರುವಿನಲ್ಲಿ, ಕೊಳೆ ಬಟ್ಟೆಯ ಗಾಡಿಗಳ ಹಿಂದೆ, ಹತ್ತೂ ಜನ ನಿಂತಿದ್ದರು. ನಾನು ಒಂದು ಮಹಡಿ ಮೇಲೆ ಮೆಟ್ಟಿಲ ಕಂಬಿ ಹಿಡಿದು ನಿಂತೆ. ರೇಡಿಯೋ ದನಿ ಕೇಳಿಸಿತು, ಎಷ್ಟು ದಿನದ ಮೇಲೆ! "ನಂದು ಮೊದಲು ಹೇಳ್ತೀನಿ. ನಿನ್ನೆ ಮೂಳೆ ಆಪರೇಷನ್ ಸೆಟ್‌ನಲ್ಲಿ ಒಂದು ಇಕ್ಕಳ ಕಮ್ಮಿ ಕಟ್ಟಿದ್ದೆ. ಮೇಷ್ಟ್ರು ಹಿಡಿದ್ರು." ಯಾರೋ ಏನೋ ಅಂದರು, ಎಲ್ಲ ನಕ್ಕರು. ಆಮೇಲೆ ಇನ್ನೊಬ್ಬರು. ಆಮೇಲೆ ಮೇಷ್ಟ್ರು, "ಮೊದಲನೇ ಹಂಡೆ. ಪಟ್ಟಿ ಕಪ್ಪಾಗಿರ್ಲಿಲ್ಲ. ಸಹಿ ಆಗಿತ್ತು" ಎಂದರು. ಯಾರ ಸಹಿ ಎಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ರೇಡಿಯೋ ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದಳು.

ನಾನು ಇಳಿದೆ. ನನ್ನ ಚಪ್ಪಲಿ ಸದ್ದಿಗೇ ಎಲ್ಲ ಮಾತು ನಿಂತುಹೋಯಿತು. ಹತ್ತು ಜನರ ಮುಖದ ಮೇಲೆ ಅಂಥ ಹೆದರಿಕೆ ನಾನು ನೋಡಿರಲಿಲ್ಲ, ಅದೂ ನನ್ನನ್ನು ಕಂಡು. ನನ್ನ ಬಾಯಿಂದ ಬಂದ ಮಾತು, "ಕೊಡಿಲ್ಲಿ ಆ ಪುಸ್ತಕ."

ರೇಡಿಯೋ ಎರಡೂ ಕೈಯಲ್ಲಿ ಅದನ್ನು ಎದೆಗೊತ್ತಿಕೊಂಡಳು. "ಚುಕ್ಕೆ ಎಲ್ಲಾ ನನ್ನ ಹೆಸರಿಗೇ ಹಾಕಿ ಮೇಡಂ. ಪುಸ್ತಕ ಶುರು ಮಾಡಿದ್ದು ನಾನು. ನಿಮಗೆ ಹೇಳಿದ್ರೆ ಆಫೀಸಿಗೆ ಪತ್ರ ಹೋಗುತ್ತೆ. ಯಾರಿಗೂ ಹೇಳ್ದೆ ಇದ್ರೆ ಮೇಲೆ ಮಲಗಿರೋ ರೋಗಿ ಗತಿ ಏನು? ಅದಕ್ಕೆ ನಾವ್ನಾವೇ ಹೇಳ್ಕೊಂಡ್ವಿ." ಅವಳ ಕಣ್ಣಲ್ಲಿ ನೀರಿತ್ತು. ಕೊನೆಗೆ ಪುಸ್ತಕ ಕೊಟ್ಟಳು.

ಆಗಸ್ಟ್ 23, ಶನಿವಾರ

ಎರಡು ದಿನದಿಂದ ಅದನ್ನೇ ಓದುತ್ತಿದ್ದೇನೆ. ಜುಲೈ 2ರಿಂದ ಇಲ್ಲಿಯವರೆಗೆ ಅರವತ್ತೊಂದು ತಪ್ಪು. ಒಂದೊಂದರ ಮುಂದೆಯೂ ಹೇಗೆ ಸರಿಮಾಡಿದರೆಂದು ಬರೆದಿದೆ. ಅವುಗಳಲ್ಲಿ ಒಂದೂ ರೋಗಿಯನ್ನು ತಲುಪಿಲ್ಲ. ನಾನು ಆಫೀಸಿನಲ್ಲಿ ಕೈಕುಲುಕಿಸಿಕೊಳ್ಳುತ್ತಿದ್ದಾಗ ವಿಭಾಗವನ್ನು ನಡೆಸುತ್ತಿದ್ದವರು ಮೆಟ್ಟಿಲ ತಿರುವಿನ ಈ ಹತ್ತು ಜನ.

ಅರವತ್ತೊಂದರಲ್ಲಿ ಏಳು ನನ್ನವು. ನನ್ನ ಹೆಸರಿಲ್ಲ, "ಗಾಜಿನ ಬಾಗಿಲು" ಎಂದು ಬರೆದಿದ್ದಾರೆ. ತಪ್ಪು ಚೀಟಿ ಅಂಟಿಸಿದ್ದು. ಟ್ರೇ ಸಾಮಾನಿನ ತಪ್ಪು ಪಟ್ಟಿ ಕೊಟ್ಟದ್ದು. ಹದಿನಾಲ್ಕು ಟ್ರೇ. ಆಗಸ್ಟ್ 12ರ ಸಾಲನ್ನು ಹಾಗೇ ಇಳಿಸುತ್ತೇನೆ: "ಗಾಜಿನ ಬಾಗಿಲಿನ ನೀಲಿ ಪೆನ್ನು ಪಿತ್ತಕೋಶದ ಟ್ರೇಯೊಳಗೆ ಬಿದ್ದಿತ್ತು. ಬಟ್ಟೆ ಸುತ್ತುವ ಮೊದಲು ಸಿಕ್ಕಿತು. ಟ್ರೇ ಮತ್ತೆ ತೊಳೆದು ಕಟ್ಟಿದ್ದೇವೆ. ಪೆನ್ನು ಅವರು ಊಟಕ್ಕೆ ಹೋದಾಗ ಮೇಜಿನ ಮೇಲೆ ಇಟ್ಟಿದ್ದೇವೆ."

ಅವತ್ತು ಇವರನ್ನು ಕಳ್ಳರ ಹಾಗೆ ನಿಲ್ಲಿಸಿ ಕೇಳಿದೆ. ಇವರು ಸುಮ್ಮನೆ ನಿಂತು ಕೇಳಿಸಿಕೊಂಡರು. ನಾಚಿಕೆಯಿಂದ ಸತ್ತುಹೋಗುವಂತಾಗಿದೆ.

ಈಗೇನು ಮಾಡಲಿ? ಶುಕ್ರವಾರ ಆಡಳಿತಾಧಿಕಾರಿಗಳಿಗೆ ಲೆಕ್ಕ ಕೊಡಬೇಕು. ಸೊನ್ನೆ ಎಂದರೆ ಎಲ್ಲರ ಕೆಲಸ ಉಳಿಯುತ್ತದೆ. ಅರವತ್ತೊಂದು ಎಂದರೆ ಹೊರಗಿನ ಕಂಪನಿ ಬರುತ್ತದೆ. ಆದರೆ ಸೊನ್ನೆ ಎಂದರೆ ಮುಂದಿನ ತಿಂಗಳೂ ಸೊನ್ನೆಯೇ ಬೇಕು, ಅದರ ಮುಂದಿನ ತಿಂಗಳೂ. ಒಂದು ದಿನ ಮೇಷ್ಟ್ರ ಕಾಲು ಮೂರು ಮಹಡಿ ಓಡದಿದ್ದರೆ?

ಹಲಗೆಯನ್ನು ಇವತ್ತು ಇಳಿಸಿದೆ, ಹಂಡೆಗೆ ಮತ್ತೆ ಹತ್ತೇ ಟ್ರೇ ಎಂದೆ. ಎಲ್ಲರೂ ಇದರ ಹಿಂದೆ ಇನ್ನೇನಿದೆಯೋ ಎಂಬಂತೆ ನೋಡಿದರು.

ಆಗಸ್ಟ್ 28, ಗುರುವಾರ

ರೇಡಿಯೋಗೂ ಮೇಷ್ಟ್ರಿಗೂ ಹೊರಗಿನ ಕಂಪನಿಯ ವಿಷಯ ಹೇಳಿದೆ. ಮೊದಲ ದಿನವೇ ಹೇಳಬೇಕಿತ್ತು. ಮೇಷ್ಟ್ರು, "ಇಷ್ಟು ಭಾರ ಒಬ್ಬರೇ ಹೊತ್ಕೊಂಡಿದ್ರಾ?" ಎಂದರು. ರೇಡಿಯೋ, "ನಮಗೆ ಕೋಪ ಮಾತ್ರ ಹಂಚಿದ್ರಿ" ಎಂದಳು.

"ನಾಳೆ ಪುಸ್ತಕ ತಗೊಂಡು ಹೋಗ್ಲಾ?" ಎಂದು ಕೇಳಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಎಲ್ಲರನ್ನೂ ಕೇಳಿ ಬರುತ್ತೇವೆಂದು ಹೋಗಿ, ಊಟದ ಹೊತ್ತಿಗೆ ಬಂದು, ತಗೊಂಡು ಹೋಗಿ ಎಂದರು. ಎಂಟು ಜನ ಹೂಂ ಅಂದರಂತೆ, ಇಬ್ಬರು ಬೇಡ ಅಂದರಂತೆ. ಈ ವಾರದ ಆರು ತಪ್ಪನ್ನೂ ರೇಡಿಯೋ ಅದರಲ್ಲಿ ಬರೆದು ಸೇರಿಸಿದಳು.

ಆಗಸ್ಟ್ 29, ಶುಕ್ರವಾರ

ಪುಸ್ತಕವನ್ನು ಆಡಳಿತಾಧಿಕಾರಿಗಳ ಮುಂದಿಟ್ಟೆ. ತಪ್ಪು ಅರವತ್ತೇಳು, ರೋಗಿಗೆ ತಲುಪಿದ್ದು ಸೊನ್ನೆ, ಎಲ್ಲಕ್ಕಿಂತ ದೊಡ್ಡ ತಪ್ಪು ನನ್ನದೇ ಸಹಿ ಎಂದೆ. ಅವರ ಲೋಟದ ನೀರನ್ನೇ ಕೇಳದೆ ಕುಡಿದುಬಿಟ್ಟೆ.

ಅವರು ಕೂಗಾಡಬಹುದೆಂದುಕೊಂಡಿದ್ದೆ. ಬೆಳ್ಳಗಾದರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು. "ಜುಲೈ ಸೊನ್ನೆ ಅಂತ ಮಂಡಳಿಗೆ ಕಳಿಸಿ ಆಗಿದೆಯಲ್ರೀ. ಅವರು ನನ್ನ ಹೊಗಳಿ ಪತ್ರ ಬೇರೆ ಬರೆದಿದ್ದಾರೆ. ಈಗ ಅಧ್ಯಕ್ಷರ ಮುಂದೆ ಏನಂತ ನಿಂತ್ಕೊಳ್ಲಿ ನಾನು?" ಎಂದರು. ಆಮೇಲೆ ಪುಸ್ತಕವನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು. "ವಾಪಸ್ ತಗೊಂಡು ಹೋಗಿ. ನೀವು ತಂದಿಲ್ಲ, ನಾನು ನೋಡಿಲ್ಲ. ನಿಮ್ಮ ಖಾಯಂ ಕಾಗದ ಇಲ್ಲೇ ಇದೆ."

ಪುಸ್ತಕ ಮೇಜಿನ ಅಂಚಿನಲ್ಲಿತ್ತು. ಮುಟ್ಟಿದ್ದರೆ ಎತ್ತಿಕೊಂಡೇ ಬಿಡುತ್ತಿದ್ದೆ, ಅದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯ ಹುಡುಗಿಯ ಹಾಗೆ ನಿಂತೆ. "ಇಲ್ಲೇ ಇರ್ಲಿ ಸರ್. ಥಿಯೇಟರಿನ ಸಿಸ್ಟರ್‌ಗೂ ಹೇಳಿದೀನಿ" ಎಂದೆ.

"ಹಾಗಾದ್ರೆ ಏನೂ ಮಾಡೋಕಾಗಲ್ಲ" ಎಂದರು. ಎರಡು ಕಡತಗಳನ್ನು ಎತ್ತಿ ಬದಿಗಿಟ್ಟರು. ಒಂದು ನನ್ನದು, ಇನ್ನೊಂದು ಹೊರಗಿನ ಕಂಪನಿಯದು. "ಎರಡೂ ತಡೆ ಹಿಡಿದಿರ್ತೀನಿ. ಮಂಡಳಿ ಏನು ಹೇಳುತ್ತೋ ನೋಡೋಣ. ಮೂರು ತಿಂಗಳು ಆಗಬಹುದು" ಎಂದರು. ಬಾಗಿಲ ತನಕ ಬಂದಾಗ, "ಅಷ್ಟೂ ತಪ್ಪು ಅವರೇ ಬರೆದಿದ್ದಾ?" ಎಂದು ಕೇಳಿದರು. ಹೌದೆಂದೆ.

ಸೆಪ್ಟೆಂಬರ್ 1, ಸೋಮವಾರ

ಏಳೂವರೆಗೇ ಬೀಗ ತೆಗೆದು ಮೇಜಿನ ಬಳಿ ನಿಂತಿದ್ದೆ. ಎಂಟಕ್ಕೆ ಎಲ್ಲರೂ ಬಂದು ಸುತ್ತ ನಿಂತರು. ನಾನೇ ಶುರು ಮಾಡಿದೆ. ಇಪ್ಪತ್ತನೇ ತಾರೀಕಿನ ಸಹಿ, ಹದಿನಾಲ್ಕು ಟ್ರೇ, ನೀಲಿ ಪೆನ್ನು, ಅವತ್ತು ಕತ್ತರಿ ವಿಷಯಕ್ಕೆ ರೇಡಿಯೋಗೆ ಬೈದದ್ದು. ಕ್ಷಮಿಸಿ ಎಂದೆ. ಮೇಷ್ಟ್ರು ತಲೆಯಾಡಿಸಿದರು. ಉಳಿದವರು ಮೇಜನ್ನು ನೋಡುತ್ತಿದ್ದರು.

ರೇಡಿಯೋ ಜೇಬಿನಿಂದ ಒಂದು ಕಾಗದ ತೆಗೆದು ಬಿಚ್ಚಿದಳು. "ಶನಿವಾರ, ಕಣ್ಣಿನ ಸೆಟ್. ಚಿಮಟದ ತುದಿ ಬಾಗಿದ್ದು ನಾನು ನೋಡಿರ್ಲಿಲ್ಲ" ಎಂದಳು. ಕಣ್ಣಿನ ಸೆಟ್! ನನ್ನ ಎದೆ ಧಸಕ್ಕೆಂದಿತು. ಆದರೂ "ಹೇಳಿದ್ದು ಒಳ್ಳೇದಾಯ್ತಮ್ಮ" ಎಂದೆ, ಮೆತ್ತಗೇ ಎಂದೆ. ಅವಳು ಕಾಗದ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಅಲ್ಲಿ ಏನು ಕಂಡಿತೋ ನನಗೆ ಗೊತ್ತಿಲ್ಲ.

"ಅಷ್ಟೇ ಮೇಡಂ" ಎಂದು ಕಾಗದ ಮಡಚಿ ಜೇಬಿಗೆ ಹಾಕಿದಳು.

ನಾನು ಎದುರಿಗೇ ನಿಂತಿದ್ದೆ, ನನ್ನ ಕಣ್ಣು ಇನ್ನೂ ಚೆನ್ನಾಗಿದೆ. ಕಾಗದದಲ್ಲಿ ಆರು ಸಾಲು ಇದ್ದವು. ಅವಳು ಓದಿದ್ದು ಒಂದು.